ಹಾಲೆಷ್ಟು, ನೀರೆಷ್ಟು? ಬೆರೆತುಹೋದ ಕ್ವಾಂಟಂ ಜೋಡಿಗಳ ಲೆಕ್ಕ

ಹಳ್ಳಿಯ ಹಾಲಿನ ಡೈರಿಯ ಮುಂದೆ ಬೆಳಿಗ್ಗೆ ಕ್ಯಾನು ಹಿಡಿದು ಸಾಲುಗಟ್ಟಿ ನಿಂತವರನ್ನು ನೀವು ಕಂಡಿರುತ್ತೀರಿ. ಪ್ರತಿಯೊಬ್ಬರ ಹಾಲಿನಿಂದಲೂ ಒಂದಿಷ್ಟು ತೆಗೆದು ಅದರಲ್ಲಿ ಲ್ಯಾಕ್ಟೋಮೀಟರನ್ನು ತೇಲಿಬಿಡುತ್ತಾರೆ. ಗಾಜಿನ ಕೊಳವೆ ಎಷ್ಟು ಮುಳುಗಿತು ಎಂಬುದನ್ನು ನೋಡಿ ನೀರಿನ ಅಂದಾಜು ಮಾಡುತ್ತಾರೆ. ನಮ್ಮ ಹಿರಿಯರ ಹಂಸ ಪಕ್ಷಿಗೆ ಇದೂ ಬೇಕಿರಲಿಲ್ಲ. ಅದು ಕೊಕ್ಕು ಅದ್ದಿದರೆ ಸಾಕು, ಹಾಲು ಬೇರೆ, ನೀರು ಬೇರೆ. ಡೈರಿಯವರಾಗಲಿ ಹಂಸವಾಗಲಿ ಒಂದು ಮಾತನ್ನು ಮಾತ್ರ ಪ್ರಶ್ನಿಸುವುದಿಲ್ಲ. ಕ್ಯಾನಿನಲ್ಲಿ ಇಂತಿಷ್ಟು ಹಾಲು, ಇಂತಿಷ್ಟು ನೀರು ನಿಜವಾಗಿಯೂ ಇದೆ. ಅದನ್ನು ಕಂಡುಹಿಡಿಯುವುದಷ್ಟೇ ಕೆಲಸ ಎಂದು ಅವರು ನಂಬಿದ್ದಾರೆ.

ಕ್ವಾಂಟಂ ಜಗತ್ತಿನಲ್ಲಿ ಈ ನಂಬಿಕೆಯೇ ಕೈಕೊಡುತ್ತದೆ. ಅಲ್ಲಿಯೂ ಬೆರಕೆ ಉಂಟು, ಅಲ್ಲಿಯೂ ಬೆಲೆಬಾಳುವ ಭಾಗ ಒಂದು, ಸಾಧಾರಣ ಭಾಗ ಒಂದು. ಆದರೆ ಎರಡು ಬಗೆಯ ಗಟ್ಟಿ ಹಾಲನ್ನು ಸಮಸಮನಾಗಿ ಬೆರೆಸಿದಾಗ ಬರೀ ನೀರು ಸಿಗುವಂಥ ವಿಚಿತ್ರ ಅಲ್ಲಿದೆ. ಹಾಗಿರುವಾಗ "ಇದರಲ್ಲಿ ಹಾಲೆಷ್ಟು?" ಎಂಬ ಪ್ರಶ್ನೆಗೆ ಅರ್ಥವಿದೆಯೇ? ಇದೆ. ಆ ಅರ್ಥವನ್ನು ಹೇಗೆ ಕೊಡಬಹುದು ಎಂಬುದೇ ಈ ಲೇಖನದ ವಿಷಯ. ಪರದೆಯ ಮುಂದೆ ಕುಳಿತು ಕೇಳುವಾಗ ಅಂಕಿಗಳು ಕೈಯಿಂದ ಜಾರಿಹೋಗುತ್ತವೆ. ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ. ಒಂದು ಪೆನ್ಸಿಲು, ಒಂದು ಹಾಳೆ ನಿಮ್ಮ ಪಕ್ಕದಲ್ಲಿರಲಿ. ಕೂಡುವುದು ಕಳೆಯುವುದು ಬಂದರೆ ಸಾಕು.

ಹೆಣೆದುಕೊಂಡ ಜೋಡಿ

ಒಂದು ಜೊತೆ ಚಪ್ಪಲಿಯನ್ನು ಎರಡು ಡಬ್ಬಿಗಳಲ್ಲಿ ಹಾಕಿ, ಒಂದನ್ನು ಧಾರವಾಡಕ್ಕೂ ಇನ್ನೊಂದನ್ನು ಮಂಗಳೂರಿಗೂ ಕಳುಹಿಸಿದಿರಿ ಎನ್ನೋಣ. ಧಾರವಾಡದಲ್ಲಿ ಡಬ್ಬಿ ತೆರೆದವರಿಗೆ ಎಡಗಾಲಿನದು ಸಿಕ್ಕರೆ ಮಂಗಳೂರಿನಲ್ಲಿರುವುದು ಬಲಗಾಲಿನದು ಎಂದು ಆ ಕ್ಷಣವೇ ಗೊತ್ತಾಗುತ್ತದೆ. ಇದರಲ್ಲಿ ಮಾಯವೇನೂ ಇಲ್ಲ. ಡಬ್ಬಿ ಕಟ್ಟುವಾಗಲೇ ಎಲ್ಲವೂ ತೀರ್ಮಾನವಾಗಿತ್ತು. ಇಂಥ ಜೋಡಿಯನ್ನು ನಾವು ಸಾಮಾನ್ಯ ಜೋಡಿ ಎಂದು ಕರೆಯೋಣ. ಪುಸ್ತಕಗಳು ಇದನ್ನು ಬೇರ್ಪಡಿಸಬಲ್ಲ ಸ್ಥಿತಿ ಎನ್ನುತ್ತವೆ. ಅಂದರೆ ಇಲ್ಲಿಯದಕ್ಕೆ ತನ್ನದೇ ಗುಣ, ಅಲ್ಲಿಯದಕ್ಕೆ ತನ್ನದೇ ಗುಣ. ಎರಡೂ ಗುಣಗಳು ಮೊದಲೇ ಹೊಂದಿಕೊಂಡಿವೆ, ಅಷ್ಟೇ.

1935ರಲ್ಲಿ ಎರ್ವಿನ್ ಶ್ರೋಡಿಂಗರ್ ಬೇರೊಂದು ಬಗೆಯ ಜೋಡಿಗೆ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಎಂಟ್ಯಾಂಗಲ್‌ಮೆಂಟ್ ಎಂದ ಅದನ್ನು ಕನ್ನಡದಲ್ಲಿ ಹೆಣಿಗೆ ಎನ್ನಬಹುದು. ಹೆಣೆದುಕೊಂಡ ಎರಡು ಕಣಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ನಿಶ್ಚಿತ ಗುಣ ಇರುವುದಿಲ್ಲ. ಅವುಗಳ ನಡುವಿನ ಸಂಬಂಧ ಮಾತ್ರ ನಿಶ್ಚಿತ. ಅದೇ ವರ್ಷ ಐನ್‌ಸ್ಟೈನ್, ಪೊಡೊಲ್ಸ್ಕಿ, ರೋಸನ್ ಮೂವರೂ ಇಂಥ ಜೋಡಿಗಳನ್ನೇ ಮುಂದಿಟ್ಟುಕೊಂಡು ಕ್ವಾಂಟಂ ಸಿದ್ಧಾಂತ ಅಪೂರ್ಣವೆಂದು ವಾದಿಸಿದ್ದರು. 1964ರಲ್ಲಿ ಜಾನ್ ಬೆಲ್ ಆ ವಾದವನ್ನು ಪ್ರಯೋಗದಿಂದ ಪರೀಕ್ಷಿಸಬಹುದಾದ ಅಸಮಾನತೆಯನ್ನಾಗಿ ಮಾಡಿದರು. ಆ ದಾರಿಯಲ್ಲಿ ನಡೆದ ಪ್ರಯೋಗಗಳಿಗಾಗಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ 2022ರ ನೊಬೆಲ್ ಪ್ರಶಸ್ತಿ ಬಂತು. ಆ ಕಥೆ ಹಲವು ಬಾರಿ ಹೇಳಿಸಿಕೊಂಡಿದೆ, ಇಲ್ಲಿಗೆ ಬಿಡೋಣ. ನಮಗೆ ಬೇಕಾಗಿರುವುದು ಚಪ್ಪಲಿ ಜೋಡಿಯನ್ನೂ ಹೆಣೆದ ಜೋಡಿಯನ್ನೂ ಗುರುತಿಸಬಲ್ಲ ಒಂದು ಲ್ಯಾಕ್ಟೋಮೀಟರು.

ಮೂರು ಪರೀಕ್ಷೆ, ಮೂರು ಅಂಕ

ಬೆಳಕಿನ ಕಣವಾದ ಫೋಟಾನನ್ನು ತೆಗೆದುಕೊಳ್ಳಿ. ಅದರ ಕಂಪನಕ್ಕೆ ಒಂದು ದಿಕ್ಕಿದೆ. ಇದನ್ನು ಧ್ರುವೀಕರಣ ಎನ್ನುತ್ತಾರೆ. ಪೋಲರಾಯ್ಡ್ ಕನ್ನಡಕ ಕೆಲಸ ಮಾಡುವುದು ಇದರ ಬಲದಿಂದಲೇ. ಒಂದು ಫೋಟಾನಿಗೆ ನಾವು ಮೂರು ಪ್ರಶ್ನೆಗಳನ್ನು ಕೇಳಬಹುದು. ಮೊದಲನೆಯದು: ನಿನ್ನ ಕಂಪನ ನಿಂತದ್ದೋ, ಮಲಗಿದ್ದೋ? ಎರಡನೆಯದು: ಬಲಕ್ಕೆ ವಾಲಿದ ಓರೆಯೋ, ಎಡಕ್ಕೆ ವಾಲಿದ ಓರೆಯೋ? ಮೂರನೆಯದು: ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆಯೋ, ಅದಕ್ಕೆ ವಿರುದ್ಧವಾಗಿಯೋ? ಈ ಮೂರು ಪ್ರಶ್ನೆಗಳಿಗೂ ಒಂದು ಸ್ವಭಾವವಿದೆ. ಯಾವುದೇ ಒಂದಕ್ಕೆ ಫೋಟಾನಿನ ಬಳಿ ಖಚಿತ ಉತ್ತರವಿದ್ದರೆ ಉಳಿದೆರಡಕ್ಕೆ ಅದು ನಾಣ್ಯ ಚಿಮ್ಮಿದಂತೆ ಏನಾದರೊಂದು ಹೇಳುತ್ತದೆ. ಮತ್ತೊಂದು ಮಾತು: ಒಂದು ಪ್ರಶ್ನೆ ಕೇಳುವಷ್ಟರಲ್ಲಿ ಆ ಫೋಟಾನು ಮುಗಿದುಹೋಗುತ್ತದೆ. ಆದ್ದರಿಂದ ನಮ್ಮಲ್ಲಿರುವ ಜೋಡಿಗಳನ್ನು ಮೂರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಪ್ರಶ್ನೆ ಕೇಳಬೇಕು.

ಈಗ ಅಂಕ ಕೊಡೋಣ. ಜೋಡಿಯ ಎರಡು ಫೋಟಾನುಗಳೂ ಒಂದು ಪ್ರಶ್ನೆಗೆ ವಿರುದ್ಧ ಉತ್ತರ ಕೊಟ್ಟರೆ ಒಂದು ಅಂಕ, ಒಂದೇ ಉತ್ತರ ಕೊಟ್ಟರೆ ಸೊನ್ನೆ. ಮೂರೂ ಪ್ರಶ್ನೆಗಳ ಸರಾಸರಿ ಅಂಕಗಳನ್ನು ಕೂಡಿದರೆ ಹೆಚ್ಚೆಂದರೆ 3 ಬರಬಹುದು.

ಚಪ್ಪಲಿ ತರಹದ ಜೋಡಿಗೆ ಎಷ್ಟು ಬರುತ್ತದೆ? ಒಂದು ನಿಂತ ಫೋಟಾನು, ಒಂದು ಮಲಗಿದ ಫೋಟಾನು ಕಳುಹಿಸಿ. ಮೊದಲ ಪ್ರಶ್ನೆಗೆ ಯಾವಾಗಲೂ ವಿರುದ್ಧ ಉತ್ತರ: 1 ಅಂಕ. ಎರಡನೆಯದಕ್ಕೆ ಎರಡೂ ಫೋಟಾನುಗಳು ನಾಣ್ಯ ಚಿಮ್ಮುತ್ತವೆ, ಅರ್ಧ ಸಲ ವಿರುದ್ಧ: ಅರ್ಧ ಅಂಕ. ಮೂರನೆಯದಕ್ಕೂ ಅಷ್ಟೇ. ಒಟ್ಟು 2. ಬೇರೆ ಯಾವ ಕೋನದಲ್ಲಿ ವಾಲಿಸಿ ಕಳುಹಿಸಿದರೂ ಒಂದು ಪ್ರಶ್ನೆಯಲ್ಲಿ ಕಳೆದುಕೊಂಡದ್ದನ್ನೇ ಇನ್ನೊಂದರಲ್ಲಿ ಗಳಿಸುತ್ತೀರಿ. 2ರ ಗೆರೆ ದಾಟುವುದಿಲ್ಲ. ಸಾಮಾನ್ಯ ಜೋಡಿಗಳ ಬೆರಕೆಯೂ ದಾಟದು, ಏಕೆಂದರೆ ಬೆರಕೆಯ ಅಂಕವೆಂದರೆ ಬಿಡಿಯ ಅಂಕಗಳ ಸರಾಸರಿ ತಾನೆ?

ಆದರೆ ಸಿಂಗ್ಲೆಟ್ ಎಂಬ ಹೆಣೆದ ಜೋಡಿ ಇದೆ. ಅದು ಮೂರೂ ಪ್ರಶ್ನೆಗಳಿಗೆ ವಿರುದ್ಧ ಉತ್ತರವನ್ನೇ ಕೊಡುತ್ತದೆ. ಅಂಕ 3. ಪೂರ್ಣ ಹೆಣೆದ ಜೋಡಿಗಳಲ್ಲಿ ಇದಕ್ಕೆ ಮೂವರು ಅಕ್ಕತಂಗಿಯರಿದ್ದಾರೆ. ಅವರ ಸಮೂಹದ ಹೆಸರು ಟ್ರಿಪ್ಲೆಟ್. ಮೊದಲನೆಯವಳು ನಿಂತ-ಮಲಗಿದ ಪ್ರಶ್ನೆಗೆ ಮಾತ್ರ ವಿರುದ್ಧ ಉತ್ತರ ಕೊಟ್ಟು ಉಳಿದೆರಡಕ್ಕೆ ಒಂದೇ ಉತ್ತರ ಕೊಡುತ್ತಾಳೆ. ಎರಡನೆಯವಳು ಓರೆಯ ಪ್ರಶ್ನೆಗೆ ಮಾತ್ರ, ಮೂರನೆಯವಳು ಸುತ್ತಿನ ಪ್ರಶ್ನೆಗೆ ಮಾತ್ರ ವಿರುದ್ಧ. ಆದ್ದರಿಂದ ಮೂವರಲ್ಲಿ ಪ್ರತಿಯೊಬ್ಬರಿಗೂ ಅಂಕ 1.

ಹಾಲಿಗೆ ಹಾಲು ಬೆರೆಸಿದರೆ ನೀರು

ಇನ್ನು ಆ ವಿಚಿತ್ರಕ್ಕೆ ಬರೋಣ. 50 ಸಿಂಗ್ಲೆಟ್‌ಗಳನ್ನೂ ಮೊದಲನೆಯ ಟ್ರಿಪ್ಲೆಟ್‌ನ 50 ಜೋಡಿಗಳನ್ನೂ ಒಂದೇ ಚೀಲದಲ್ಲಿ ಹಾಕಿ, ಯಾವುದು ಯಾವುದೆಂಬ ಚೀಟಿಯನ್ನು ಹರಿದು ಬಿಸಾಡಿ. ಚೀಲದಲ್ಲಿರುವ 100ಕ್ಕೆ 100 ಜೋಡಿಗಳೂ ಪೂರ್ಣವಾಗಿ ಹೆಣೆದವು. ಪರೀಕ್ಷಿಸಿ ನೋಡಿ. ಮೊದಲ ಪ್ರಶ್ನೆಗೆ ಎಲ್ಲವೂ ವಿರುದ್ಧ ಉತ್ತರ. ಎರಡನೆಯದಕ್ಕೆ ಸಿಂಗ್ಲೆಟ್‌ಗಳು ವಿರುದ್ಧ, ಟ್ರಿಪ್ಲೆಟ್‌ಗಳು ಒಂದೇ, ಅಂದರೆ ಅರ್ಧಕ್ಕರ್ಧ. ಮೂರನೆಯದಕ್ಕೂ ಅರ್ಧಕ್ಕರ್ಧ. ಒಟ್ಟು 2. ಇದು ಚಪ್ಪಲಿ ಜೋಡಿಯ ಅಂಕವಲ್ಲವೇ!

ಅಂಕ ಮಾತ್ರ ಸಮ ಎಂದು ಭಾವಿಸಬೇಡಿ. 50 ಜೋಡಿಗಳಲ್ಲಿ ಇಲ್ಲಿಯದು ನಿಂತದ್ದು ಅಲ್ಲಿಯದು ಮಲಗಿದ್ದು, ಇನ್ನು 50ರಲ್ಲಿ ಇಲ್ಲಿಯದು ಮಲಗಿದ್ದು ಅಲ್ಲಿಯದು ನಿಂತದ್ದು: ಹೀಗೆ ಯಾವ ಹೆಣಿಗೆಯೂ ಇಲ್ಲದೆ ಇನ್ನೊಂದು ಚೀಲ ತುಂಬಿ. ಈ ಎರಡು ಚೀಲಗಳನ್ನು ಜಗತ್ತಿನ ಯಾವ ಪ್ರಯೋಗವೂ ಪ್ರತ್ಯೇಕಿಸಲಾರದು. 1927ರಲ್ಲಿ ಫಾನ್ ನಾಯ್ಮನ್ ಮತ್ತು ಲಾಂಡೌ ಬೆರಕೆಗಳನ್ನು ವರ್ಣಿಸಲು ಸಾಂದ್ರತಾ ಮಾತೃಕೆ ಎಂಬ ಅಂಕಿಗಳ ಪಟ್ಟಿಯನ್ನು ಬಳಕೆಗೆ ತಂದರು. ಎರಡು ಫೋಟಾನುಗಳ ಧ್ರುವೀಕರಣಕ್ಕೆ ಇದು ನಾಲ್ಕು ಸಾಲು, ನಾಲ್ಕು ಕಂಬಗಳ ಪಟ್ಟಿ. ಯಾವ ಅಳತೆಯ ಫಲಿತಾಂಶವನ್ನಾದರೂ ಈ ಪಟ್ಟಿಯಿಂದ ಹೇಳಬಹುದು; ಪಟ್ಟಿಯಲ್ಲಿಲ್ಲದ ಯಾವುದನ್ನೂ ಅಳತೆ ಹೇಳಲಾರದು. ನಮ್ಮ ಎರಡು ಚೀಲಗಳ ಪಟ್ಟಿ ಒಂದೇ. ತುಂಬಿದವನ ನೆನಪಿನಲ್ಲಿ ಮಾತ್ರ ಅವು ಬೇರೆ ಬೇರೆ.

ಬೆರಕೆ ಸ್ಥಿತಿಯನ್ನು ಅಭ್ಯಾಸ ಮಾಡುವವರು ಎಡವುವುದು ಇಲ್ಲಿಯೇ. "ಈ ಬೆರಕೆಯಲ್ಲಿ 60 ಭಾಗ ಹೆಣಿಗೆ ಇದೆ, ನಾನೇ ಹಾಕಿದ್ದೇನೆ" ಎಂದರೆ ಸಾಲದು. ಅದೇ ಪಟ್ಟಿಗೆ ಬೇರೆ ಅಡುಗೆ ವಿಧಾನಗಳೂ ಉಂಟು. ಆ ಎಲ್ಲ ವಿಧಾನಗಳ ಪೈಕಿ ಹೆಣೆದ ಜೋಡಿಗಳನ್ನು ಅತ್ಯಂತ ಕಡಿಮೆ ಬಳಸುವ ವಿಧಾನ ಯಾವುದು ಎಂದು ಕೇಳಬೇಕು. ಆಗ ಮಾತ್ರ ಉತ್ತರ ಹಾಕಿದವನ ಮೇಲಲ್ಲದೆ ಪಟ್ಟಿಯ ಮೇಲೆ ನಿಲ್ಲುತ್ತದೆ.

ನೂರು ಜೋಡಿಗಳ ಲೆಕ್ಕ

ಒಂದು ಉದಾಹರಣೆಯನ್ನು ಕೊನೆಯವರೆಗೂ ಮಾಡಿಬಿಡೋಣ. ಲೇಸರ್ ಬೆಳಕನ್ನು ಒಂದು ವಿಶೇಷ ಹರಳಿಗೆ ಬಿಟ್ಟು ಸಿಂಗ್ಲೆಟ್‌ಗಳನ್ನು ಪಡೆಯುತ್ತಾರೆ. ದಾರಿಯಲ್ಲಿ ಗಾಜಿನ ತಂತು, ಗಾಳಿ, ಕನ್ನಡಿ ಎಲ್ಲವೂ ಸ್ವಲ್ಪ ಸ್ವಲ್ಪ ಕೆಡಿಸುತ್ತವೆ. ಕೊನೆಗೆ ಕೈಗೆ ಬಂದ 100 ಜೋಡಿಗಳಲ್ಲಿ 60 ಸರಿಯಾದ ಸಿಂಗ್ಲೆಟ್, 40 ಪೂರ್ತಿ ಕೆಟ್ಟುಹೋದವು ಎನ್ನಿ. ಪೂರ್ತಿ ಕೆಟ್ಟ ಜೋಡಿಗೆ ಪ್ರತಿ ಪ್ರಶ್ನೆಯಲ್ಲಿ ಅರ್ಧ, ಒಟ್ಟು ಒಂದೂವರೆ ಅಂಕ. ಹಾಗಾದರೆ 60 × 3 = 180, 40 × 1.5 = 60, ಒಟ್ಟು 240. ಸರಾಸರಿ 2.4.

ಇಂಥ ಬೆರಕೆಗಳನ್ನು 1989ರಲ್ಲಿ ರೈನ್‌ಹಾರ್ಡ್ ವರ್ನರ್ ಎಂಬ ಜರ್ಮನ್ ಭೌತವಿಜ್ಞಾನಿ ಆಳವಾಗಿ ಪರಿಶೀಲಿಸಿದರು. ಅವು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿವೆ.

ಸರಾಸರಿ ಅಂಕ 2ರ ಗೆರೆಯನ್ನು ದಾಟಿದೆ. ಆದ್ದರಿಂದ ಹೆಣಿಗೆ ಇದೆ. ಎಷ್ಟು ಇದೆ? ಸಾಮಾನ್ಯ ಜೋಡಿ ಹೆಚ್ಚೆಂದರೆ 2 ಅಂಕ ತರುತ್ತದೆ, ಹೆಣೆದ ಜೋಡಿ ಹೆಚ್ಚೆಂದರೆ 3. 100 ಜೋಡಿಗಳಿಂದ 240 ಅಂಕ ಬರಬೇಕಾದರೆ, 200ರ ಮೇಲಿನ 40 ಅಂಕಗಳನ್ನು ಹೆಣೆದ ಜೋಡಿಗಳೇ ತರಬೇಕು, ಒಂದೊಂದು ಜೋಡಿ ಹೆಚ್ಚೆಂದರೆ ಒಂದೊಂದು ಅಂಕದಂತೆ. ಅಂದರೆ ಯಾವ ವಿಧಾನದಿಂದ ಮಾಡಿದರೂ 40 ಹೆಣೆದ ಜೋಡಿಗಳಿಗಿಂತ ಕಡಿಮೆಯಲ್ಲಿ ಈ ಚೀಲ ತುಂಬದು.

ಸರಿ, 40ರಲ್ಲಿ ನಿಜವಾಗಿಯೂ ಆಗುತ್ತದೆಯೇ? ಆಗುತ್ತದೆ. 40 ಸಿಂಗ್ಲೆಟ್ ಹಾಕಿ. ಉಳಿದ 60ನ್ನು ಆರು ಪಾಲು ಮಾಡಿ. 10 ಜೋಡಿಗಳು ನಿಂತ-ಮಲಗಿದ, 10 ಮಲಗಿದ-ನಿಂತ. 10 ಬಲ ಓರೆ-ಎಡ ಓರೆ, 10 ಎಡ ಓರೆ-ಬಲ ಓರೆ. 10 ಬಲ ಸುತ್ತು-ಎಡ ಸುತ್ತು, 10 ಎಡ ಸುತ್ತು-ಬಲ ಸುತ್ತು. ಈ ಆರೂ ಅಪ್ಪಟ ಚಪ್ಪಲಿ ಜೋಡಿಗಳು. ಮೊದಲ ಪ್ರಶ್ನೆ ಕೇಳಿ: 40 ಸಿಂಗ್ಲೆಟ್‌ಗಳು ವಿರುದ್ಧ, ಮೊದಲ ಇಪ್ಪತ್ತು ವಿರುದ್ಧ, ಉಳಿದ 40ರಲ್ಲಿ ಅರ್ಧ ಅಂದರೆ 20 ವಿರುದ್ಧ, ಒಟ್ಟು 80. ಹಿಂದಿನ ಚೀಲಕ್ಕೆ ಕೇಳಿದರೆ? 60, ಜೊತೆಗೆ 40ರ ಅರ್ಧ 20, ಒಟ್ಟು 80. ಉಳಿದ ಎರಡು ಪ್ರಶ್ನೆಗಳಿಗೂ ಇದೇ 80. ಇಷ್ಟೇ ಅಲ್ಲ, ನಾಲ್ಕು ಸಾಲಿನ ಪಟ್ಟಿಯನ್ನು ಬರೆದು ನೋಡಿದರೆ ಎರಡೂ ಅಕ್ಷರಶಃ ಒಂದೇ.

ಹೀಗೆ "60 ಹೆಣಿಗೆ, 40 ಕಸ" ಎಂದು ನಾವು ಕರೆದದ್ದು ವಾಸ್ತವದಲ್ಲಿ "40 ಹೆಣಿಗೆ, 60 ಸಾಮಾನ್ಯ" ಆಯಿತು. ಕಸವು ತಾನು ಕೆಡುವುದಲ್ಲದೆ ಪಕ್ಕದವರನ್ನೂ ಕೆಡಿಸಿದೆ! ಹೇಗೆಂದು ನೋಡಬೇಕೇ? ಪೂರ್ತಿ ಕೆಟ್ಟ 40 ಜೋಡಿಗಳೆಂದರೆ ನಾಲ್ಕು ಅಕ್ಕತಂಗಿಯರು ತಲಾ 10ರಂತೆ ಬೆರೆತದ್ದು. ಆದ್ದರಿಂದ ಚೀಲದಲ್ಲಿ ಸಿಂಗ್ಲೆಟ್ 70, ಟ್ರಿಪ್ಲೆಟ್‌ಗಳು 10, 10, 10. ಹಾಲಿಗೆ ಹಾಲು ಬೆರೆತು ನೀರಾಗುವುದನ್ನು ಆಗಲೇ ಕಂಡಿರಿ: ಒಂದು ಟ್ರಿಪ್ಲೆಟ್ ಒಂದು ಸಿಂಗ್ಲೆಟನ್ನು ನುಂಗುತ್ತದೆ. 30 ಟ್ರಿಪ್ಲೆಟ್‌ಗಳು 30 ಸಿಂಗ್ಲೆಟ್‌ಗಳನ್ನು ನುಂಗಿ 60 ಸಾಮಾನ್ಯ ಜೋಡಿಗಳಾದವು. 70ರಲ್ಲಿ 30 ಹೋದರೆ ಉಳಿದದ್ದು 40. ನಾಲ್ವರು ಅಕ್ಕತಂಗಿಯರಿಂದ ಮಾತ್ರ ಆದ ಯಾವ ಬೆರಕೆಗೂ ಇದೇ ಸೂತ್ರ. ಯಾರ ಪಾಲು ನೂರರಲ್ಲಿ 50ನ್ನು ಮೀರಿದೆ ನೋಡಿ, ಉಳಿದವರ ಪಾಲನ್ನು ಅದರಿಂದ ಕಳೆಯಿರಿ. ಯಾರದೂ 50 ಮೀರದಿದ್ದರೆ ಹೆಣಿಗೆ ಸೊನ್ನೆ.

ಒಂದು ಎಚ್ಚರಿಕೆ. ಚೀಲದಲ್ಲಿ 70 ಮೊದಲನೆಯ ಟ್ರಿಪ್ಲೆಟ್, ಉಳಿದ ಮೂವರು 10ರಂತೆ ಇದ್ದರೆ ನಮ್ಮ ಅಂಕಪಟ್ಟಿ 1.2 ಎಂದು ತೋರಿಸುತ್ತದೆ. "ಅಯ್ಯೋ, ನೀರು" ಎಂದು ಚೆಲ್ಲಿಬಿಡಬೇಡಿ. ಒಂದು ಬದಿಯ ದಾರಿಯಲ್ಲಿ ಅರ್ಧತರಂಗ ಫಲಕ ಎಂಬ ತೆಳು ಬಿಲ್ಲೆಯನ್ನು ಸರಿಯಾದ ದಿಕ್ಕಿಗೆ ಇಟ್ಟರೆ ಆ ಟ್ರಿಪ್ಲೆಟ್ ಸಿಂಗ್ಲೆಟ್ ಆಗುತ್ತದೆ, ಅಂಕ 2.4ಕ್ಕೆ ಏರುತ್ತದೆ. ನಮ್ಮ ಲ್ಯಾಕ್ಟೋಮೀಟರು ಒಂದು ತಳಿಯ ಹಾಲಿಗೆ ಮಾತ್ರ ಮಾಡಿದ್ದು. ಗೆರೆ ದಾಟಿದರೆ ಹೆಣಿಗೆ ಖಂಡಿತ; ದಾಟದಿದ್ದರೆ ಏನೂ ಹೇಳಲಾಗದು.

ಕನ್ನಡಿಯ ಪರೀಕ್ಷೆ

ಎಲ್ಲ ತಳಿಗಳಿಗೂ ಒಪ್ಪುವ ಪರೀಕ್ಷೆಯನ್ನು 1996ರಲ್ಲಿ ಇಸ್ರೇಲಿನ ಹೈಫಾದಲ್ಲಿದ್ದ ಆಶರ್ ಪೆರೆಸ್ ಕೊಟ್ಟರು. ಅದರ ತಿರುಳು ಹೀಗಿದೆ. ಜೋಡಿಯ ಒಂದು ಫೋಟಾನನ್ನು ಹಾಗೆಯೇ ಬಿಟ್ಟು, ಇನ್ನೊಂದನ್ನು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಿರಿ. ಪಟ್ಟಿಯಲ್ಲಿ ಅದಕ್ಕೆ ಸಂಬಂಧಿಸಿದ ಸಾಲುಗಳನ್ನು ಕಂಬಗಳನ್ನಾಗಿ, ಕಂಬಗಳನ್ನು ಸಾಲುಗಳನ್ನಾಗಿ ಅದಲು ಬದಲು ಮಾಡಿದರೆ ಇದು ಆಗುತ್ತದೆ. ಜೋಡಿ ಸಾಮಾನ್ಯವಾಗಿದ್ದರೆ ಪ್ರತಿ ಫೋಟಾನಿಗೂ ಸ್ವಂತ ಗುಣವಿರುವುದರಿಂದ, ಕನ್ನಡಿಯ ಪ್ರತಿಯೂ ಇರಬಹುದಾದ ಒಂದು ಜೋಡಿಯೇ. ಹೊಸ ಪಟ್ಟಿಯಲ್ಲಿ ತಪ್ಪೇನೂ ಕಾಣುವುದಿಲ್ಲ. ಹೆಣೆದ ಜೋಡಿಯಲ್ಲಿ ಒಂದನ್ನು ಮಾತ್ರ ತಿರುಗಿಸಲು ಹೋದರೆ ಸಂಬಂಧವೇ ಮುರುಟಿಕೊಂಡು, ಕೆಲವು ಘಟನೆಗಳ ಸಂಭವನೀಯತೆ ಸೊನ್ನೆಗಿಂತ ಕಡಿಮೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ನೂರಕ್ಕೆ ಮೈನಸ್ 20. ಮೈನಸ್ 20 ಜನ ಮದುವೆಗೆ ಬಂದಿದ್ದರು ಎಂದರೆ ಹೇಗೋ ಹಾಗೆ! ಅಂಥ ಉತ್ತರ ಬಂದರೆ ಹೆಣಿಗೆ ಇದೆ ಎಂದೇ ಅರ್ಥ.

ಪೋಲೆಂಡಿನ ಹೊರೊಡೆಕ್ಕಿ ಕುಟುಂಬ, ಅಂದರೆ ತಂದೆ ರಿಶಾರ್ಡ್ ಮತ್ತು ಮಕ್ಕಳಾದ ಮಿಹಾಲ್ ಹಾಗೂ ಪಾವೆಲ್, ಅದೇ 1996ರಲ್ಲಿ ಇದರ ಇನ್ನೊಂದು ಮಗ್ಗುಲನ್ನು ಸಾಧಿಸಿದರು. ಎರಡು ಫೋಟಾನುಗಳ ಧ್ರುವೀಕರಣದಂಥ ಚಿಕ್ಕ ವ್ಯವಸ್ಥೆಗಳಲ್ಲಿ ಮೈನಸ್ ಬರದಿದ್ದರೆ ಹೆಣಿಗೆ ಖಂಡಿತವಾಗಿಯೂ ಇಲ್ಲ. ದೊಡ್ಡ ವ್ಯವಸ್ಥೆಗಳಿಗೆ ಈ ಭರವಸೆ ಇಲ್ಲ ಎಂಬುದನ್ನೂ ಅವರೇ ತೋರಿಸಿದರು. ಮನೆಮಂದಿಯೆಲ್ಲ ಕೂತು ಗಣಿತ ಮಾಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಸೋಸಿ ತೆಗೆಯುವ ವಿಧಾನ

ಹೆಣಿಗೆ ಇದೆಯೋ ಇಲ್ಲವೋ ಎಂಬುದು ತಿಳಿಯಿತು. ಎರಡೂ ಭಾಗಗಳನ್ನು ಬಿಡಿಸಿ ಬರೆಯುವ ಸಾಮಾನ್ಯ ಮಾರ್ಗವನ್ನು 1998ರಲ್ಲಿ ಮಾಚೇ ಲೆವೆನ್‌ಸ್ಟೈನ್ ಮತ್ತು ಅನ್ನಾ ಸಾನ್‌ಪೇರಾ ತೋರಿಸಿದರು. ಅವರ ಕ್ರಮ ಕೇಳಲು ಸರಳ. ಪಟ್ಟಿಯಿಂದ ಸಾಮಾನ್ಯ ಜೋಡಿಗಳನ್ನು ಒಂದೊಂದಾಗಿ ಕಳೆಯುತ್ತಾ ಹೋಗಿ. ಉಳಿದ ಪಟ್ಟಿ ಯಾವ ಅಳತೆಗೂ ಮೈನಸ್ ಸಂಭವನೀಯತೆ ಕೊಡದಂತೆ ನೋಡಿಕೊಳ್ಳಿ. ಇನ್ನು ಕಳೆಯಲು ಸಾಧ್ಯವೇ ಇಲ್ಲ ಎಂದಾಗ ಕಳೆದದ್ದೆಲ್ಲ ಒಂದು ರಾಶಿ, ಉಳಿದದ್ದು ಇನ್ನೊಂದು ರಾಶಿ.

ಕಳೆಯುವಾಗ ಆಸೆಬುರುಕತನ ಸಲ್ಲದು. ನಮ್ಮ ಚೀಲದಿಂದ ನಿಂತ-ಮಲಗಿದ ಜೋಡಿಯೊಂದನ್ನೇ ಕಳೆಯಲು ಹೊರಟರೆ 17.5ರಷ್ಟು ಕಳೆಯಬಹುದು. ಆದರೆ ಹಾಗೆ ಒಂದೇ ಕಡೆ ಅಗೆದರೆ ಉಳಿದ ಐದು ಬಗೆಗಳಿಗೆ ಜಾಗ ಕುಗ್ಗಿ, ಒಟ್ಟು 60ನ್ನು ಎಂದೂ ಮುಟ್ಟಲಾಗುವುದಿಲ್ಲ. ಆರು ಕಡೆ ಹತ್ತು ಹತ್ತರಂತೆ ಸಮನಾಗಿ ತೆಗೆದಾಗಲೇ 60. ಆದ್ದರಿಂದ ಒಂದನ್ನು ಹೆಚ್ಚಿಸಿ, ಇನ್ನೊಂದನ್ನು ತಗ್ಗಿಸಿ, ಎರಡೆರಡನ್ನೇ ಹೊಂದಿಸುತ್ತಾ ಒಟ್ಟು ಮೊತ್ತ ಗರಿಷ್ಠವಾಗುವವರೆಗೆ ನಡೆಯಬೇಕು. ಕಂಪ್ಯೂಟರಿಗೆ ಹೇಳಿಮಾಡಿಸಿದ ಕೆಲಸ. ಕೊನೆಗೆ ಸಿಗುವ ವಿಭಜನೆ ಒಂದೇ ಒಂದು, ಯಾರು ಯಾವ ಕಡೆಯಿಂದ ಆರಂಭಿಸಿದರೂ ಗರಿಷ್ಠಕ್ಕೆ ತಲುಪಿದವರೆಲ್ಲ ಅಲ್ಲಿಗೇ ಬರುತ್ತಾರೆ.

ಎರಡು ಫೋಟಾನುಗಳ ವಿಷಯದಲ್ಲಿ ಇನ್ನೊಂದು ಸೊಗಸಾದ ಫಲಿತಾಂಶವಿದೆ: ಉಳಿಯುವ ರಾಶಿ ಬೆರಕೆಯಾಗಿರುವುದಿಲ್ಲ, ಒಂದೇ ಬಗೆಯ ಶುದ್ಧ ಹೆಣೆದ ಜೋಡಿಯಾಗಿರುತ್ತದೆ. ಕಾರಣ ಕಷ್ಟವಲ್ಲ. ಈ ಚಿಕ್ಕ ಜಗತ್ತಿನಲ್ಲಿ ಯಾವುದೇ ಎರಡು ಬೇರೆ ಬೇರೆ ಶುದ್ಧ ಸ್ಥಿತಿಗಳನ್ನು ತೆಗೆದುಕೊಂಡು ಅವುಗಳನ್ನು ಒಂದರ ಮೇಲೊಂದು ಹೊಂದಿಸಿದರೆ, ಎಲ್ಲೋ ಒಂದು ಕಡೆ ಸಾಮಾನ್ಯ ಜೋಡಿಯೊಂದು ಸಿಕ್ಕೇ ಸಿಗುತ್ತದೆ. ಉಳಿದ ರಾಶಿಯಲ್ಲಿ ಎರಡು ಬಗೆ ಬೆರೆತಿದ್ದರೆ ಆ ಸಾಮಾನ್ಯ ಜೋಡಿಯನ್ನು ಇನ್ನೂ ಒಂದಿಷ್ಟು ಕಳೆಯಬಹುದಿತ್ತು. ಅಂದರೆ ಕೆಲಸ ಮುಗಿದಿರಲಿಲ್ಲ. ಮುಗಿದಿದ್ದರೆ ಒಂದೇ ಬಗೆ ಉಳಿದಿರಬೇಕು. ಹಂಸಕ್ಕೆ ಕೂಡ ಇಷ್ಟು ಅಚ್ಚುಕಟ್ಟಾಗಿ ಬಿಡಿಸಲು ಬರುತ್ತಿತ್ತೋ ಇಲ್ಲವೋ!

ದೊಡ್ಡ ವ್ಯವಸ್ಥೆಗಳಲ್ಲಿ ಉಳಿಯುವುದು ಮತ್ತೆ ಬೆರಕೆಯೇ ಆಗಿರಬಹುದು. ಅಷ್ಟೇ ಅಲ್ಲ, ಗಾತ್ರ ಬೆಳೆದಂತೆ ಹೆಣಿಗೆ ಇದೆಯೋ ಇಲ್ಲವೋ ಎಂದು ಹೇಳುವುದೇ ಗಣಕಗಳಿಗೆ ಅತಿ ಕಠಿಣವೆನಿಸುವ ಲೆಕ್ಕಗಳ ವರ್ಗಕ್ಕೆ ಸೇರುತ್ತದೆ ಎಂದು ಲಿಯೊನಿಡ್ ಗುರ್ವಿಟ್ಸ್ 2003ರಲ್ಲಿ ತೋರಿಸಿದರು.

ಇದರಿಂದ ಯಾರಿಗೇನು?

ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಆಗಲೇ ಎದ್ದಿರಬೇಕು. ಗುಟ್ಟು ಕಾಯುವವರಿಗೆ ಇದು ಬೇಕು. ಎರಡು ಊರುಗಳ ನಡುವೆ ಹೆಣೆದ ಜೋಡಿಗಳನ್ನು ಹಂಚಿ, ಉತ್ತರಗಳನ್ನು ಗುಪ್ತ ಕೀಲಿಯಾಗಿ ಬಳಸುವ ವಿದ್ಯೆ ಬೆಳೆಯುತ್ತಿದೆ. 2017ರಲ್ಲಿ ಚೀನಾದ ಮೀಸಿಯಸ್ ಉಪಗ್ರಹ 1200 ಕಿಲೋಮೀಟರ್ ಅಂತರದ ಎರಡು ನಿಲ್ದಾಣಗಳಿಗೆ ಹೆಣೆದ ಫೋಟಾನುಗಳನ್ನು ಇಳಿಸಿತು. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2021ರಲ್ಲಿ ಎರಡು ಕಟ್ಟಡಗಳ ನಡುವೆ ಬಯಲು ಗಾಳಿಯಲ್ಲೇ ಕ್ವಾಂಟಂ ಕೀಲಿ ಹಂಚಿ ತೋರಿಸಿದರು. 2023ರಲ್ಲಿ ಕೇಂದ್ರ ಸರ್ಕಾರ 6003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು.

ಈಗ ಕಳ್ಳನ ಕಡೆಯಿಂದ ಯೋಚಿಸಿ. ನಿಮಗೆ ಬಂದ ಜೋಡಿಗಳ ಪಟ್ಟಿಯನ್ನು ಸಾಮಾನ್ಯ ಜೋಡಿಗಳಿಂದಲೇ ಪೂರ್ತಿಯಾಗಿ ತುಂಬಿಸಲು ಸಾಧ್ಯವಾದರೆ, ಅವನ್ನು ಕಳ್ಳನೇ ತುಂಬಿ ಕಳುಹಿಸಿದ್ದಾನೆಂದು ಏಕೆ ಭಾವಿಸಬಾರದು? ಯಾವ ಡಬ್ಬಿಯಲ್ಲಿ ಎಡಗಾಲಿನದು, ಯಾವುದರಲ್ಲಿ ಬಲಗಾಲಿನದು ಎಂಬ ಪೂರ್ತಿ ಪಟ್ಟಿ ಅವನ ಜೇಬಿನಲ್ಲಿರುತ್ತದೆ. ನೀವು "60 ಭಾಗ ಸಿಂಗ್ಲೆಟ್ ಕಳುಹಿಸಿದ್ದೇವೆ" ಎಂದು ಎದೆ ತಟ್ಟಿಕೊಂಡರೆ ಪ್ರಯೋಜನವಿಲ್ಲ. ಕಳ್ಳ ಅದನ್ನು 40 ಎಂದೇ ಓದುತ್ತಾನೆ. 33 ಭಾಗ ಸಿಂಗ್ಲೆಟ್, 67 ಭಾಗ ಕಸ ಇದ್ದರಂತೂ ಅವನು ಸೊನ್ನೆ ಎಂದು ಓದುತ್ತಾನೆ. ಅಳತೆಗಳಿಂದ ಹೆಣಿಗೆ ಸಾಬೀತಾಗದ ಕಡೆ ಸುರಕ್ಷಿತ ಕೀಲಿ ಸಾಧ್ಯವಿಲ್ಲ ಎಂಬುದನ್ನು 2004ರಲ್ಲಿ ಕುರ್ಟಿ, ಲೆವೆನ್‌ಸ್ಟೈನ್, ಲ್ಯೂಟ್‌ಕೆನ್‌ಹೌಸ್ ನಿಯಮವಾಗಿಯೇ ಸಾಧಿಸಿದರು. ಹೆಣಿಗೆ ಇದ್ದ ಮಾತ್ರಕ್ಕೆ ಕೀಲಿ ಸಿಗುತ್ತದೆ ಎಂದಲ್ಲ. ಇಲ್ಲದಿದ್ದರೆ ಸಿಗುವುದೇ ಇಲ್ಲ.

ಬೆಲ್ ಪರೀಕ್ಷೆಯನ್ನೇ ಮಾಡಿದರೆ ಸಾಲದೇ ಎಂದು ಓದಿಕೊಂಡವರು ಕೇಳಬಹುದು. ಸಾಲದು. ವರ್ನರ್ ಬೆರಕೆಯಲ್ಲಿ ಸಿಂಗ್ಲೆಟ್ ಪಾಲು ನೂರಕ್ಕೆ ಸುಮಾರು 71ನ್ನು ಮೀರಿದರೆ ಮಾತ್ರ ಬೆಲ್ ಅಸಮಾನತೆಯ ಪ್ರಸಿದ್ಧ ರೂಪ ಮುರಿಯುತ್ತದೆ. ಹೆಣಿಗೆಯೋ 33.3 ದಾಟಿದೊಡನೆ ಆರಂಭ. ನಮ್ಮ 60ರ ಚೀಲ ಈ ನಡುವಿನ ಸೀಮೆಯಲ್ಲಿದೆ. 50ರ ಚೀಲದಲ್ಲಿ 25 ಭಾಗ ಹೆಣಿಗೆ ಇದ್ದರೂ, ಇಂಥ ಬಿಡಿ ಅಳತೆಗಳ ಫಲಿತಾಂಶಗಳನ್ನೆಲ್ಲ ಮೊದಲೇ ಬರೆದಿಟ್ಟ ಚೀಟಿಗಳಿಂದ ವಿವರಿಸಬಹುದು ಎಂಬುದೇ 1989ರಲ್ಲಿ ವರ್ನರ್ ಕೊಟ್ಟ ಅಚ್ಚರಿ. ಹೆಣಿಗೆ ಮತ್ತು ಬೆಲ್ ಪರೀಕ್ಷೆ ಒಂದೇ ಎಂದು ಅದುವರೆಗೆ ಬಹಳ ಜನ ತಿಳಿದಿದ್ದರು.

40 ಎಂದರೆ 40 ಅಲ್ಲ

ನಾವು ಇಷ್ಟು ಕಷ್ಟಪಟ್ಟು ಕಂಡುಕೊಂಡ 40ನ್ನು ತಪ್ಪಾಗಿ ಓದುವ ಸಾಧ್ಯತೆಯೂ ಇದೆ. ಇದು ಬೆಲೆಯ ಚೀಟಿಯಲ್ಲ. ನಮ್ಮ ವಿಧಾನ ಪೂರ್ಣ ಸಿಂಗ್ಲೆಟ್‌ಗಳನ್ನೂ ಸಾಮಾನ್ಯ ಜೋಡಿಗಳನ್ನೂ ಬಳಸಿತು. ನೂರಕ್ಕೆ ನೂರೂ ಜೋಡಿಗಳನ್ನು ಸ್ವಲ್ಪ ಸ್ವಲ್ಪವೇ ಹೆಣೆದು ಇದೇ ಪಟ್ಟಿಯನ್ನು ತರಬಹುದು. 1998ರಲ್ಲಿ ವಿಲಿಯಂ ವೂಟರ್ಸ್ ಕೊಟ್ಟ ಸೂತ್ರದಂತೆ ಲೆಕ್ಕ ಹಾಕಿದರೆ, ಬಹು ದೊಡ್ಡ ಸಂಖ್ಯೆಯಲ್ಲಿ ತಯಾರಿಸುವವರಿಗೆ 100 ಜೋಡಿಗಳಿಗೆ ಸುಮಾರು 25 ಸಿಂಗ್ಲೆಟ್‌ಗಳ ಸಾಮಗ್ರಿ ಸಾಕು. ಹೆಣೆದ ಜೋಡಿಗಳ ಎಣಿಕೆ ಒಂದು, ಅವುಗಳಲ್ಲಿರುವ ಹೆಣಿಗೆಯ ತೂಕ ಇನ್ನೊಂದು.

ಇನ್ನು, ಬರೆದು ಬಿಡಿಸಿದ ಮಾತ್ರಕ್ಕೆ ಚೀಲದೊಳಗೆ ಕೈಹಾಕಿ ಆ 40ನ್ನು ಆರಿಸಿಕೊಳ್ಳಲೂ ಬರುವುದಿಲ್ಲ. ಯಾವುವು ಆ 40 ಎಂಬ ಗುರುತು ಯಾವ ಜೋಡಿಯ ಮೇಲೂ ಇಲ್ಲ. ಒಳ್ಳೆಯ ಜೋಡಿಗಳನ್ನು ಪಡೆಯಬೇಕಾದರೆ ಬಟ್ಟಿ ಇಳಿಸಬೇಕು. 1996ರಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಸಂಗಡಿಗರು ಸೂಚಿಸಿದ ಕ್ರಮದಲ್ಲಿ ಎರಡೆರಡು ಜೋಡಿಗಳನ್ನು ತೆಗೆದುಕೊಳ್ಳುತ್ತಾರೆ. ಎರಡೂ ಊರುಗಳವರು ತಮ್ಮ ಬಳಿಯ ಎರಡು ಕಣಗಳ ಮೇಲೆ ಒಂದು ಕ್ರಿಯೆ ಮಾಡಿ, ಒಂದು ಜೋಡಿಯನ್ನು ಅಳೆದು ಬಲಿಕೊಡುತ್ತಾರೆ. ಬಂದ ಉತ್ತರಗಳನ್ನು ದೂರವಾಣಿಯಲ್ಲಿ ಹೋಲಿಸಿ, ತಾಳೆಯಾದರೆ ಉಳಿದ ಜೋಡಿಯನ್ನು ಇಟ್ಟುಕೊಳ್ಳುತ್ತಾರೆ, ತಾಳೆಯಾಗದಿದ್ದರೆ ಅದನ್ನೂ ಎಸೆಯುತ್ತಾರೆ. ನಮ್ಮ ಚೀಲದ 100 ಜೋಡಿಗಳನ್ನು ಹೀಗೆ ಒಂದು ಸುತ್ತು ನಡೆಸಿದರೆ ಸರಾಸರಿ 34 ಉಳಿಯುತ್ತವೆ. ಅವುಗಳಲ್ಲಿ ಸಿಂಗ್ಲೆಟ್ ಪಾಲು ನೂರಕ್ಕೆ 70ರಿಂದ ಸುಮಾರು 73.5ಕ್ಕೆ ಏರಿರುತ್ತದೆ. 73.5ರಿಂದ 26.5ನ್ನು ಕಳೆಯಿರಿ: ಹೆಣೆದ ಭಾಗ ನೂರಕ್ಕೆ 47. ಆದರೆ 34 ಜೋಡಿಗಳಲ್ಲಿ 47 ಭಾಗವೆಂದರೆ 16 ಜೋಡಿಗಳು ಮಾತ್ರ. ಬಟ್ಟಿಗೆ ಹಾಕುವ ಮೊದಲು ಅದು 40 ಇತ್ತು.